ಬಸವನಗುಡಿಯ ಆರೋಗ್ಯ, ಬೈರಮಂಗಲದ ಕೆರೆ

ನಾನು ಬಾಡಿಗೆಗಿರೋ ಮನೆಯ ಹಿಂದೆ ಒಂದು ಸಣ್ಣ ಓಣಿ ಇದೆ. ಬಸವನಗುಡಿಯ ಹಳೇ ಮನೆಗಳ ಬೆನ್ನಿಗೆ ಬೆನ್ನು ತಾಗದ ಹಾಗೆ ನಡುವೆ ಬಿಟ್ಟಿರುವ ಓಣಿ. ಇಂಥದ್ದು ಮಲ್ಲೇಶ್ವರದಲ್ಲೂ ಇದೆ, ಚಾಮರಾಜಪೇಟೆಯಲ್ಲೂ ಇದೆ. ಜನ ಇದನ್ನ 'ಕನ್ಸರ್ವೆನ್ಸಿ' ಅಂತಲೇ ಕರೀತಾರೆ. ಈಗ ಅಲ್ಲಿ ಹಳೇ ಸ್ಕೂಟರ್, ಒಡೆದ ಸಿಂಟೆಕ್ಸ್ ಟ್ಯಾಂಕು, ಬೆಕ್ಕುಗಳು. ಬಂದ ಹೊಸದರಲ್ಲಿ ಇದು ಪಾರ್ಕಿಂಗಿಗೆ ಬಿಟ್ಟ ಜಾಗ ಅಂದುಕೊಂಡಿದ್ದೆ. ಓನರ್ ಆಂಟಿ ನಕ್ಕು, "ಅಯ್ಯೋ, ಅದು ಕಕ್ಕಸು ಎತ್ತೋರು ಬರೋ ದಾರಿ ಕಣಪ್ಪಾ" ಅಂದರು.

ಆ ಓಣಿಯ ಬೆನ್ನು ಹತ್ತಿ ಹೋದವನು ಕೊನೆಗೆ ಬಿಡದಿ ಆಚೆ ಬೈರಮಂಗಲದ ಕೆರೆ ಏರಿ ಮೇಲೆ ಬಂದು ನಿಂತೆ.

ಕಥೆ ಶುರುವಾಗೋದು ಪೇಟೆಯಲ್ಲಿ. ಬೆಂಗಳೂರು ಅಂದರೆ ಆಗ ಎರಡು ಊರು. ಒಂದು ಮೈಸೂರು ಸರ್ಕಾರದ ಕೈಲಿದ್ದ ಸಿಟಿ, ಇನ್ನೊಂದು ಬ್ರಿಟಿಷರ ದಂಡು. 1881ರ ಜನಗಣತಿಯಲ್ಲಿ ಎರಡೂ ಸೇರಿ 1,55,857 ಜನ. 1891ಕ್ಕೆ 1,80,366. ಸಿಟಿಯದ್ದಷ್ಟೇ ನೋಡಿದರೆ ಹತ್ತು ವರ್ಷದಲ್ಲಿ 62 ಸಾವಿರದಿಂದ 80 ಸಾವಿರ ಆಗಿದೆ. ಜನ ಜಾಸ್ತಿಯಾದರೂ ಅವರು ಇದ್ದ ಜಾಗ ಹೆಚ್ಚುಕಡಿಮೆ ಅಷ್ಟೇ: ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ನಗರ್ತಪೇಟೆ, ಕುಂಬಾರಪೇಟೆ. ಮುಂದುಗಡೆ ಅಂಗಡಿ, ಹಿಂದುಗಡೆ ಸಂಸಾರ. ಬೆಳಕಿಗೆ ಒಂದು ತೊಟ್ಟಿ, ಗಾಳಿಗೆ ದೇವರೇ ಗತಿ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆಗಳಲ್ಲಿ ಕಾಳಿನ ಮೂಟೆಗಳು. ಮೂಟೆ ಇದ್ದ ಕಡೆ ಇಲಿ ಇರಲೇಬೇಕಲ್ಲ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಎರಡು ವರ್ಷ ಮೊದಲು ಮುಂಬೈಯಲ್ಲಿ ಕಾಣಿಸಿಕೊಂಡದ್ದು ರೈಲು ಹತ್ತಿ ಹುಬ್ಬಳ್ಳಿ ಕಡೆಯಿಂದ ಇಲ್ಲಿಗೆ ತಲುಪಿತು. ಮೊದಲು ಇಲಿ ಬೀಳುತ್ತೆ, ಆಮೇಲೆ ಮನೆಯಲ್ಲಿ ಯಾರಿಗೋ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ. ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತೆ. ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡರು. ಊರು ಬಿಡಬಲ್ಲವರು ಊರೇ ಬಿಟ್ಟರು. ಊರ ಅಂಚಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಒಂದು ಬಡಾವಣೆಯ ವೈದ್ಯರು ಇನ್ನೊಂದು ಬಡಾವಣೆಗೆ ತಕ್ಷಣ ಸುದ್ದಿ ಮುಟ್ಟಿಸಲಿ ಅಂತ ಟೆಲಿಫೋನ್ ತಂತಿ ಎಳೆದದ್ದೂ ಅದೇ ವರ್ಷ. ಐಟಿ ನಗರಿಯ ಟೆಲಿಕಾಂ ಚರಿತ್ರೆ ಶುರುವಾಗೋದು ಇಲಿಯಿಂದ ಅಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬಲ್ಲ.

1901ರ ಗಣತಿ ಬಂದಾಗ ಸಿಟಿಯ ಲೆಕ್ಕ 80,285ರಿಂದ 69,447ಕ್ಕೆ ಇಳಿದಿತ್ತು. ದಂಡು ಪ್ರದೇಶದಲ್ಲೂ ಹತ್ತು ಸಾವಿರ ಕಮ್ಮಿ. ಇವರೆಲ್ಲ ಸತ್ತವರಲ್ಲ, ಓಡಿಹೋದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಜನಗಣತಿ ಕೋಷ್ಟಕದಲ್ಲಿ ಸಾವಿಗೂ ಓಟಕ್ಕೂ ವ್ಯತ್ಯಾಸ ಕಾಣಲ್ಲ.

ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿ ಕೆಲಸ ಮಾಡಿದವರು ವಿ.ಪಿ. ಮಾಧವರಾವ್. ಊರಾಚೆ ಹೊಸ ಬಡಾವಣೆ ಮಾಡುವ ಯೋಚನೆ ಮೊದಲೇ ಇತ್ತು, 1892ರಲ್ಲೇ ಚಾಮರಾಜಪೇಟೆ ಆಗಿತ್ತು. ಪ್ಲೇಗು ಬಂದದ್ದೇ ಆ ಕೆಲಸಕ್ಕೆ ಜೀವ ಬಂತು. ಬಸವನಗುಡಿ, ಮಲ್ಲೇಶ್ವರ ಎದ್ದದ್ದು ಹಾಗೆ. ನೇರ ರಸ್ತೆ, ಅಡ್ಡ ರಸ್ತೆ, ಮನೆ ಸುತ್ತ ಜಾಗ, ಮನೆ ಹಿಂದೆ ಕನ್ಸರ್ವೆನ್ಸಿ. ಬ್ಲಾಕುಗಳನ್ನು ಜಾತಿ-ಮತ ನೋಡಿಯೇ ಹಂಚಿದ್ದರು ಅನ್ನೋದನ್ನ ನಮ್ಮ ಏರಿಯಾದ 'ಹೆರಿಟೇಜ್ ವಾಕ್'ಗಳಲ್ಲಿ ಸ್ವಲ್ಪ ಮೆಲ್ಲಗೆ ಹೇಳ್ತಾರೆ.

ಇಲ್ಲೊಂದು ತಮಾಷೆ ಇದೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಕಾಂಗ್‌ನಲ್ಲಿ ಗುರುತಿಸಿದ್ದು 1894ರಲ್ಲಿ. ಅದು ಇಲಿ ಮೈಮೇಲಿನ ಚಿಗಟದಿಂದ ಹರಡುತ್ತೆ ಅಂತ ಸಿಮೋಂಡ್ ತೋರಿಸಿದ್ದು ಕರಾಚಿಯಲ್ಲಿ, ಸರಿಯಾಗಿ ಈ 1898ರಲ್ಲೇ. ಆದರೆ ಅವನ ಮಾತನ್ನು ಒಪ್ಪೋದಕ್ಕೆ ವರ್ಷಗಳೇ ಹಿಡಿದವು. ಹಾಗಾಗಿ ಬಸವನಗುಡಿಯ ನಕ್ಷೆ ಹಾಕಿದವರ ತಲೆಯಲ್ಲಿ ಚಿಗಟ ಇರಲಿಲ್ಲ. ಕತ್ತಲೆ, ಕೆಟ್ಟ ಗಾಳಿ, ಕೊಳಕು ಇತ್ತು. ಕಾರಣ ಪೂರ್ತಿ ಸರಿಯಿಲ್ಲದಿದ್ದರೂ ಫಲ ಸಿಕ್ಕಿತು. ಕಾಳಿನ ಮಂಡಿಯಿಂದ ದೂರ, ಬಿಡಿಬಿಡಿ ಮನೆ, ಇಲಿಗೆ ಅಷ್ಟೊಂದು ಅನುಕೂಲವಿಲ್ಲ. ಜನ ಉಳಿದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಅದಕ್ಕೂ ಮೊದಲೇ ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಿತ್ತು. 1911ಕ್ಕೆ ಎರಡೂ ಊರು ಸೇರಿ 1,89,485. ಅಂದರೆ 1891ರ ಗೆರೆ ದಾಟೋಕೆ ಬೆಂಗಳೂರಿಗೆ ಇಪ್ಪತ್ತು ವರ್ಷ ಬೇಕಾಯ್ತು.

ಈ ಭಾಗ ಎಲ್ಲರಿಗೂ ಇಷ್ಟ. ಪ್ಲೇಗು ಸೋತಿತು, ಬಡಾವಣೆ ಗೆದ್ದಿತು, ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದೆವು. ಆದರೆ ಆ ಹಿಂದಿನ ಓಣಿಯಲ್ಲಿ ಬರುತ್ತಿದ್ದವರು ಎಲ್ಲಿಂದ ಬರುತ್ತಿದ್ದರು, ಏನನ್ನು ಎಲ್ಲಿಗೆ ಒಯ್ಯುತ್ತಿದ್ದರು? ಬಡಾವಣೆಯ ನಕ್ಷೆಯಲ್ಲಿ ಅವರಿಗೆ ದಾರಿ ಇತ್ತು, ಮನೆ ಇರಲಿಲ್ಲ. ಬಕೆಟ್ಟಿನಲ್ಲಿ ತಲೆ ಮೇಲೆ ಹೊತ್ತು, ಗಾಡಿಗೆ ಸುರಿದು ಊರಾಚೆಗೆ ಸಾಗಿಸುತ್ತಿದ್ದರು. ಅದು ಗೊಬ್ಬರವಾಗಿ ಹೊಲ ಸೇರುತ್ತಿತ್ತು. ನಮ್ಮ ಬಡಾವಣೆಯ ಆರೋಗ್ಯ ಅಕ್ಷರಶಃ ಒಂದಷ್ಟು ಜನರ ತಲೆ ಮೇಲೆ ನಿಂತಿತ್ತು. ಅವರ ಆರೋಗ್ಯದ ಬಗ್ಗೆ ಯಾವ ಬಡಾವಣೆಯ ಚರಿತ್ರೆಯೂ ಒಂದು ಪ್ಯಾರಾ ಬರೆದದ್ದು ನಾನಂತೂ ನೋಡಿಲ್ಲ.

ಮಲ ಹೊರುವ ಪದ್ಧತಿಗೆ ನಮ್ಮ ರಾಜ್ಯದಲ್ಲಿ ನಿಷೇಧ ಬಂದದ್ದು 1970ರ ದಶಕದಲ್ಲಿ. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಅದನ್ನು ಮಾಡಿದರು. ಅದೇ ಕಾಲದಲ್ಲಿ, 1974ರಲ್ಲಿ, ಕಾವೇರಿ ನೀರು ಬೆಂಗಳೂರಿಗೆ ಬಂತು. ಎರಡೂ ಒಳ್ಳೇದೇ, ಮೊದಲನೆಯದ್ದಂತೂ ಎಷ್ಟೋ ಮೊದಲೇ ಆಗಬೇಕಿತ್ತು. ಆದರೆ ಎರಡೂ ಸೇರಿದಾಗ ಮೂರನೆಯದೊಂದು ಆಯ್ತು. ಗಾಡಿಯಲ್ಲಿ ಹೋಗುತ್ತಿದ್ದದ್ದು ಈಗ ನೀರಲ್ಲಿ ಹೋಗತೊಡಗಿತು. ಮನೆಗೆ ಹತ್ತು ಕೊಡ ನೀರು ಬಂದರೆ ಎಂಟು ಕೊಡ ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಕಾವೇರಿಯ ಒಂದೊಂದು ಹಂತ ಬಂದಾಗಲೂ ಸಿಹಿ ಹಂಚಿದೆವು, ಎಂಟು ಕೊಡ ಎಲ್ಲಿಗೆ ಹೋಯ್ತು ಅಂತ ಕೇಳಲಿಲ್ಲ.

ಎಲ್ಲಿಗೆ ಅಂದರೆ ವೃಷಭಾವತಿಗೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವ ನದಿ ಅಂತ ನಂಬಿಕೆ, ಹೆಸರೇ ಹೇಳುತ್ತಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿ ಪಕ್ಕ ಹಾದು, ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿ ಹೋಬಳಿಗೆ ಇಳಿಯುತ್ತೆ. ಆಮೇಲೆ ಅರ್ಕಾವತಿ ಸೇರಿ, ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಗೆ. ಹಳೇ ಬೆಂಗಳೂರಿನ ಪಶ್ಚಿಮದ ಇಳಿಜಾರೆಲ್ಲ ಇದರ ಕಡೆಗೇ. 1970ರ ದಶಕದ ನಂತರ ಬೆಳೆದ ಪೀಣ್ಯದ ಕಾರ್ಖಾನೆಗಳ ನೀರೂ ಇದಕ್ಕೇ. ಮೈಸೂರು ರಸ್ತೆಯ ಬಳಿ ಕೊಳಚೆ ಶುದ್ಧೀಕರಣ ಘಟಕ ಇದೆ, ದಿನಕ್ಕೆ 180 ದಶಲಕ್ಷ ಲೀಟರ್ ಸಾಮರ್ಥ್ಯದ್ದು. ನದಿಯ ಬಣ್ಣ ನೋಡಿದವರಿಗೆ ಅದು ಸಾಕಾಗಿದೆಯೋ ಇಲ್ಲವೋ ಅಂತ ಬೇರೆ ಹೇಳಬೇಕಿಲ್ಲ.

ಬೈರಮಂಗಲದಲ್ಲಿ ಈ ನದಿಗೆ ಅಡ್ಡವಾಗಿ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ. ಆಗ ಬೆಂಗಳೂರಿನ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು, ಮನೆಮನೆಗೆ ಫ್ಲಶ್ ಇರಲಿಲ್ಲ, ನದಿಯಲ್ಲಿ ನದಿಯ ನೀರೇ ಇತ್ತು. ಎಡದಂಡೆ, ಬಲದಂಡೆ ಅಂತ ಎರಡು ನಾಲೆ. ಕೆಳಗೆ ಭತ್ತ. ಅಣೆಕಟ್ಟು ಕಟ್ಟಿದವರ ಲೆಕ್ಕ ಮಳೆಯದ್ದು. 1951ಕ್ಕೇ ಬೆಂಗಳೂರು ಸುಮಾರು 7.8 ಲಕ್ಷ ಆಗಿತ್ತು, 2011ಕ್ಕೆ 84 ಲಕ್ಷ. ಅಷ್ಟೂ ಜನರಲ್ಲಿ ಒಂದು ದೊಡ್ಡ ಪಾಲು ಮುಖ ತೊಳೆದ ನೀರು ಹಿಡಿದಿಟ್ಟುಕೊಳ್ಳೋ ಪಾತ್ರೆಯಾಗುತ್ತೆ ತಮ್ಮ ಕೆರೆ ಅಂತ ಅವರಿಗೆ ಕನಸು ಬಿದ್ದಿರಲಿಕ್ಕಿಲ್ಲ.

ಬಿಡದಿ ಅಂದರೆ ನಮಗೆ ತಟ್ಟೆ ಇಡ್ಲಿ, ಇಲ್ಲಾಂದ್ರೆ ಟೊಯೋಟಾ. ನಾನು ಹೋದದ್ದು ಒಂದು ಭಾನುವಾರ, ಇಡ್ಲಿ ಮುಗಿಸಿಕೊಂಡೇ. ಕೆರೆ ಕಾಣೋಕೆ ಮೊದಲು ಮೂಗಿಗೆ ಗೊತ್ತಾಗುತ್ತೆ. ತೂಬಿನ ಕೆಳಗೆ ನೊರೆ. ನೀರು ಕಪ್ಪು. ಪಕ್ಕದಲ್ಲೇ ಹಸಿರೋ ಹಸಿರು: ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು. ಭತ್ತ ಹಿಂದೆ ಸರಿದು ಈ ನೀರು ತಡೆದುಕೊಳ್ಳೋ ಬೆಳೆಗಳು ಬಂದಿವೆ. ನಾಲೆ ಪಕ್ಕ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಯಜಮಾನರು ಎಲ್ಲಿಂದ ಬಂದೆ ಅಂತ ಕೇಳಿದರು. ಬಸವನಗುಡಿ ಅಂದೆ.

"ಹಂಗಾದ್ರೆ ನೀವು ನಮಗೆ ನೆಂಟ್ರೇ ಬುಡಿ. ದಿನಾ ನಿಮ್ಮನೇದೆಲ್ಲಾ ಇಲ್ಗೇ ಬತ್ತದೆ" ಅಂದರು. ಸಿಟ್ಟೇನೂ ಇರಲಿಲ್ಲ ಮಾತಲ್ಲಿ. ನನಗೆ ಎಲ್ಲಿ ನೋಡಬೇಕೋ ತಿಳೀಲಿಲ್ಲ.

ಅವರು ಚಿಕ್ಕವರಿದ್ದಾಗ ಇದೇ ಕೆರೆಯಲ್ಲಿ ಈಜಿದ್ದರಂತೆ, ನೀರು ಕುಡಿದಿದ್ದರಂತೆ. ಈಗ ಗದ್ದೆಗೆ ಇಳಿದರೆ ಕಾಲು ನವೆ. ಸಂಜೆಯಾದರೆ ಸೊಳ್ಳೆ. ಬೋರ್‌ವೆಲ್ ನೀರನ್ನೂ ನಂಬೋ ಹಾಗಿಲ್ಲ, ಕುಡಿಯೋಕೆ ಕ್ಯಾನು. ಅವರ ಕೈ ನೋಡಿದೆ, ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿ ಒಡೆದಿತ್ತು. ನಾನು ಡಾಕ್ಟರಲ್ಲ, ಒಂದು ಕೈ ನೋಡಿ ಇಡೀ ಊರಿನ ಕಾಯಿಲೆ ಹೇಳೋಕಾಗಲ್ಲ. ಆದರೆ ಈ ನದಿಯ ನೀರಲ್ಲಿ ಭಾರ ಲೋಹಗಳಿವೆ ಅನ್ನೋದು ವರ್ಷಗಟ್ಟಲೆ ನೀರು ಪರೀಕ್ಷಿಸಿದ ಸಂಶೋಧಕರು ಹೇಳಿರೋ ಮಾತು. ಅದರಲ್ಲಿ ಬೆಳೆದ ಹುಲ್ಲು ಹಸುವಿಗೆ, ಹಾಲು ಡೇರಿಗೆ, ತರಕಾರಿ ಬೆಂಗಳೂರಿನ ಮಾರ್ಕೆಟ್ಟಿಗೆ. ನೆಂಟಸ್ತಿಕೆ ಒಂದೇ ಕಡೆಯದ್ದಲ್ಲ.

ಇನ್ನೊಂದು ಹಳೇ ವಿಷಯ ಇಲ್ಲಿ ಹೇಳಬೇಕು. ಇದೇ ಸೀಮೆಯ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಅಂತ ಹೆಸರು. 1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮೈಸೂರು ಸರ್ಕಾರ ಅಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರು ಮಾಡಿತು. ಹುಟ್ಟು-ಸಾವು ಬರೆದುಕೊಳ್ಳೋದು, ಬಾಣಂತಿ-ಮಗುವಿನ ಆರೈಕೆ, ಲಸಿಕೆ, ಹಳ್ಳಿ ಮನೆಗೆ ಕಕ್ಕಸು ಗುಂಡಿ, ಬಾವಿ ನೀರಿನ ಶುದ್ಧಿ: ಇಂಥ ಕೆಲಸ ಕಲಿಸೋ ಜಾಗ ಅದು. ಆ ಕಾಲದ ತಿಳಿವಳಿಕೆಯ ಪ್ರಕಾರ ಹಳ್ಳಿಯ ಕಾಯಿಲೆಗೆ ಕಾರಣ ಹಳ್ಳಿಯ ಅಭ್ಯಾಸಗಳು. ಹಳ್ಳಿಯವರು ಗುಂಡಿ ತೋಡಿದರೆ, ಕೈ ತೊಳೆದರೆ ಸರಿಹೋಗುತ್ತೆ. ಅದು ತಪ್ಪಲ್ಲ. ಆದರೆ ನಲವತ್ತು ವರ್ಷದ ಮೇಲೆ ಬೇರೆಯವರ ಗುಂಡಿಯೇ ನದಿಯಾಗಿ ಹಳ್ಳಿಗೆ ಬಂದರೆ ಯಾರಿಗೆ ಕೈ ತೊಳೆಯಲು ಹೇಳೋದು?

ಮ್ಯಾಪು ತೆಗೆದು ನೋಡಿದರೆ ಇನ್ನೂ ಒಂದು ಸಂಗತಿ ಕಾಣುತ್ತೆ. ಬೆಂಗಳೂರು ಕಾವೇರಿಯನ್ನು ಎತ್ತಿಕೊಳ್ಳೋದು ಶಿವನಸಮುದ್ರದ ಮೇಲ್ಭಾಗದಲ್ಲಿ. ಅದು ತೊರೆಕಾಡನಹಳ್ಳಿಯಿಂದ ಪಂಪಾಗಿ, ಕನಕಪುರ ಸೀಮೆಯ ಹಾರೋಹಳ್ಳಿ ದಾಟಿ ಮೇಲೆ ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದಿಂದ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಬಳಸಿದ ನೀರು ಬಿಡದಿ ಕಡೆಯಿಂದ ಇಳಿದು ಕಾವೇರಿ ಸೇರೋದು ಸಂಗಮದಲ್ಲಿ, ಅಂದರೆ ಶಿವನಸಮುದ್ರದ ಕೆಳಗೆ. ಒಂದೇ ಜಿಲ್ಲೆಯಲ್ಲಿ ಒಂದು ಪಕ್ಕ ಶುದ್ಧ ನೀರು ಮೇಲಕ್ಕೆ, ಇನ್ನೊಂದು ಪಕ್ಕ ಕೊಳಚೆ ಕೆಳಕ್ಕೆ. ನಮ್ಮ ಕೊಳಚೆ ನಮ್ಮ ನಲ್ಲಿಗೆ ವಾಪಸ್ ಬರಲ್ಲ. ಸಂಗಮ ಎಲ್ಲಾದರೂ ಶಿವನಸಮುದ್ರದ ಮೇಲ್ಗಡೆ ಇದ್ದಿದ್ದರೆ ವೃಷಭಾವತಿ ಈ ಸ್ಥಿತಿಯಲ್ಲಿ ಇರುತ್ತಿರಲಿಲ್ಲ ಅನ್ನೋದು ನನ್ನ ಗುಮಾನಿ.

ನಮ್ಮ ಬಡಾವಣೆಯಲ್ಲಿ ಈಗ ಬೇರೆ ಕಾಯಿಲೆಗಳು. ನಾನಿರೋ ರಸ್ತೆಯಲ್ಲಿ ಅರವತ್ತು ದಾಟಿದವರೇ ಹೆಚ್ಚು. ಮಕ್ಕಳು ಸಿಯಾಟಲ್‌ನಲ್ಲೋ ಸರ್ಜಾಪುರದಲ್ಲೋ. ಬೆಳಿಗ್ಗೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಶುಗರ್, ಬಿಪಿ, ಮಂಡಿ ನೋವಿನ ಮಾತು. ದೀರ್ಘಾಯುಷ್ಯ ಇರೋ ಜಾಗದ ಕಾಯಿಲೆಗಳು ಇವು. 1898ರಲ್ಲಿ ಪೇಟೆಯಿಂದ ಓಡಿಬಂದವರ ಮರಿಮೊಮ್ಮಕ್ಕಳಿಗೆ ಇಂಥ ಕಾಯಿಲೆ ಬರುವಷ್ಟು ವಯಸ್ಸಾದದ್ದು ಆ ಬಡಾವಣೆ ಕಟ್ಟಿದವರ ಗೆಲುವೇ ಸರಿ. ಆದರೆ ಬಡಾವಣೆಯ ಆರೋಗ್ಯದ ಲೆಕ್ಕ ಬರೆಯುವಾಗ ಗೆರೆ ವಾರ್ಡಿನ ಗಡಿಗೆ ನಿಲ್ಲುತ್ತೆ. ನೀರು ನಿಲ್ಲಲ್ಲ.

ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದಲ್ಲೇ ಕಾಲುವೆ ತೋಡಿ ಅಣೆಕಟ್ಟಿನ ಕೆಳಕ್ಕೆ ದಾಟಿಸುವ ಯೋಜನೆಯೊಂದು ಕೆಲವು ವರ್ಷಗಳ ಹಿಂದೆ ಬಂತು. ಕೆರೆ ಕ್ಲೀನ್ ಆಗುತ್ತೆ ಅಂತ ವಾದ. ನೀರೇ ಇಲ್ಲದಿದ್ದರೆ ಹುಲ್ಲು, ಹಿಪ್ಪುನೇರಳೆ ಏನಾಗಬೇಕು ಅಂತ ರೈತರ ಪ್ರಶ್ನೆ. ಈ ನೀರು ಬೇಡ, ನೀರಿಲ್ಲದೆ ಆಗೋಲ್ಲ. ಈ ಸಿಕ್ಕಿನಲ್ಲಿ ಅವರನ್ನು ಸಿಕ್ಕಿಸಿದ್ದು ನಾವು.

2025ರಿಂದ ಇನ್ನೊಂದು ಸುದ್ದಿ. ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳಲ್ಲಿ ಸಾವಿರಾರು ಎಕರೆ ತೆಗೆದುಕೊಂಡು ದೊಡ್ಡ ಟೌನ್‌ಶಿಪ್ ಕಟ್ಟುತ್ತಾರಂತೆ. ಜಿಲ್ಲೆಯ ಹೆಸರೂ ಈಗ ಬೆಂಗಳೂರು ದಕ್ಷಿಣ. ಭೂಮಿ ಕೊಡಲ್ಲ ಅಂತ ರೈತರು ಧರಣಿ ಕೂತರು. ಆ ಯಜಮಾನರಿಗೆ ಕೇಳಿದೆ, ಜಮೀನು ಹೋಗುತ್ತಾ ಅಂತ. ಕುಡುಗೋಲು ಕೆಳಗಿಟ್ಟು, "ಅರವತ್ತು ವರ್ಸ ಗಬ್ಬುನಾತ ಕುಡ್ಕಂಡು ಉಳಿಸ್ಕಂಡಿದ್ದೀವಿ, ಈಗ ಘಮ್ ಅನ್ನೋ ಕಾಲ ಬತ್ತದೆ ಅಂದ್ರೆ ಎದ್ದೋಗಿ ಅಂತಾರೆ" ಅಂದರು. ಹುಲ್ಲಿನ ಹೊರೆ ಬಿಗಿದು, ಎತ್ತಿಕೊಡು ಅಂದರು. ಎತ್ತಿಕೊಟ್ಟೆ. ಹೊರೆಯಿಂದ ನೀರು ಸೋರಿ ನನ್ನ ಮೊಣಕೈವರೆಗೂ ಇಳಿಯಿತು. ಬಿಡದಿಯಲ್ಲಿ ಬಸ್ಸು ಹತ್ತೋಕೆ ಮುಂಚೆ ಇಡ್ಲಿ ಹೋಟೆಲಿನ ನಲ್ಲಿಯಲ್ಲಿ ಕೈ ತೊಳೆದುಕೊಂಡೆ, ಮತ್ತೆ ಮನೆಗೆ ಬಂದು ಇನ್ನೊಂದು ಸಲ ತೊಳೆದುಕೊಂಡೆ.