ಹೊಳೆಯಿಂದ ಕೊಳಕ್ಕೆ: ನಮ್ಮ ವಿಶ್ವವಿದ್ಯಾಲಯಗಳ ಈಜಿನ ಕಥೆ

ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರ, ಹಳ್ಳಿಮೈಸೂರು, ಅರಕಲಗೂಡು ಕಡೆಯ ಮಕ್ಕಳಿಗೆ ಈಜು ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಹೇಮಾವತಿ ಕಲಿಸಿತು, ರಾಮನಾಥಪುರದ ಕಾವೇರಿ ಕಲಿಸಿತು, ಊರ ಕೆರೆಯೂ ತೋಟದ ಬಾವಿಯೂ ಕಲಿಸಿದವು. ಸೊಂಟಕ್ಕೊಂದು ಹಗ್ಗ, ಬೆನ್ನಿಗೆ ಬೆಂಡು ಅಥವಾ ಒಣಗಿದ ಸೋರೆಬುರುಡೆ, ಹಗ್ಗದ ತುದಿ ಹಿಡಿದು ದಡದಲ್ಲಿ ನಿಂತ ಅಣ್ಣನೋ ಸೋದರಮಾವನೋ. ನಾಲ್ಕು ದಿನ ನೀರು ಕುಡಿದ ಮೇಲೆ ಐದನೆಯ ದಿನ ಬೆಂಡು ಬೇಡವಾಗುತ್ತಿತ್ತು. ಹೀಗೆ ಕಲಿತವರು ಮುಂದೆ ಕಾಲೇಜು ಸೇರಿ, ಸ್ಪರ್ಧೆಯ ಕೊಳಕ್ಕೆ ಇಳಿದಾಗ ಏನಾಯಿತು ಎನ್ನುವುದರಿಂದಲೇ ನಮ್ಮ ಭಾಗದ ವಿಶ್ವವಿದ್ಯಾಲಯದ ಈಜಿನ ಕಥೆ ಶುರುವಾಗುತ್ತದೆ.

ಮೈಸೂರು ವಿಶ್ವವಿದ್ಯಾಲಯ 1916ರ ಜುಲೈ 27ರಂದು ಸ್ಥಾಪನೆಯಾಯಿತು. ಬೆಂಗಳೂರು 1964ರಲ್ಲಿ, ಮಂಗಳೂರು 1980ರಲ್ಲಿ ಅದರಿಂದ ಬೇರೆಯಾದವು. ಹಾಸನ ಜಿಲ್ಲೆ ಮಾತ್ರ ಮೈಸೂರಿನ ಜೊತೆಯಲ್ಲೇ ಉಳಿಯಿತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಈಜುಕೊಳ ಎಂದರೆ ಮೈಸೂರಿನ ಸರಸ್ವತಿಪುರಂನ ಕೊಳವೇ. ಹಾಸನದಿಂದ ಅಲ್ಲಿಗೆ ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ. ಅಂತರ ಕಾಲೇಜು ಸ್ಪರ್ಧೆಯಲ್ಲಿ ಗೆದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ, ಅಲ್ಲಿಂದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ, ಬಯೋಡಾಟಾದಲ್ಲಿ ‘ಯೂನಿವರ್ಸಿಟಿ ಬ್ಲೂ’ ಎಂದು ಬರೆದುಕೊಳ್ಳುವ ಹೆಮ್ಮೆ. ವಿಶ್ವವಿದ್ಯಾಲಯಗಳ ಕ್ರೀಡಾ ಸಾಧನೆಗೆಂದು ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುವ ಪದ್ಧತಿ 1956-57ರಿಂದಲೇ ಇದೆ. ಏಣಿ ಇತ್ತು, ಆದರೆ ಅದರ ಮೊದಲ ಮೆಟ್ಟಿಲೇ ನಮ್ಮ ಹುಡುಗರಿಗೆ ಎಟುಕುತ್ತಿರಲಿಲ್ಲ.

ದಾರಿಯ ದೂರವೊಂದೇ ಇದಕ್ಕೆ ಕಾರಣವಲ್ಲ. ಹೊಳೆಯ ಈಜು ಬೇರೆ, ಕೊಳದ ಈಜು ಬೇರೆ. ಹೊಳೆಯಲ್ಲಿ ಈಜುವವನು ತಲೆ ಎತ್ತಿ ಈಜುತ್ತಾನೆ. ಸುಳಿ ಎಲ್ಲಿದೆ, ಸೆಳವು ಯಾವ ಕಡೆಗೆ, ಆಚೆ ದಡದ ಯಾವ ಕಲ್ಲಿಗೆ ಕೈ ಹಾಕಬೇಕು ಎನ್ನುವುದನ್ನು ಅವನು ನೋಡುತ್ತಲೇ ಇರಬೇಕು. ಕೊಳದಲ್ಲಿ ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿದು ನೀರು ಮೈಯನ್ನು ತಡೆಯುತ್ತದೆ. ಅಲ್ಲಿ ಮುಖ ನೀರೊಳಗಿರಬೇಕು, ಉಸಿರಿಗೆ ಮಾತ್ರ ಪಕ್ಕಕ್ಕೆ ಹೊರಳಬೇಕು. ಅದಕ್ಕಿಂತ ದೊಡ್ಡ ತೊಡಕು ಗೋಡೆ. 50 ಮೀಟರ್ ಕೊಳದಲ್ಲಿ 200 ಮೀಟರ್ ಮುಗಿಸಲು ಮೂರು ಸಲ ಗೋಡೆಯ ಬಳಿ ತಿರುಗಬೇಕು, 25 ಮೀಟರ್ ಕೊಳವಾದರೆ ಏಳು ಸಲ. ಬಲ್ಲವನು ನೀರಲ್ಲೇ ಪಲ್ಟಿ ಹೊಡೆದು, ಗೋಡೆಗೆ ಕಾಲು ಕೊಟ್ಟು ಚಿಮ್ಮಿ, ನಿಯಮ ಬಿಡುವ 15 ಮೀಟರ್‌ವರೆಗೂ ನೀರಡಿಯಲ್ಲೇ ಸಾಗಬಲ್ಲ. ಹೊಳೆಗೆ ಗೋಡೆಯೇ ಇಲ್ಲ. ತುಂಬಿದ ಹೇಮಾವತಿಯನ್ನು ಅಡ್ಡ ಹಾಯುವ ತಾಕತ್ತಿನ ಹುಡುಗ, ಅಷ್ಟು ಶಕ್ತಿಯಿಲ್ಲದ ನಗರದ ಹುಡುಗನಿಗಿಂತ ಪ್ರತಿ ತಿರುವಿನಲ್ಲೂ ಒಂದೊಂದು ಮಾರು ಹಿಂದೆ ಬೀಳುವುದು ಹೀಗೆ. ಇದನ್ನು ಕಂಡವರು ಅವನ ಈಜು ಒರಟು ಎಂದು ತಳ್ಳಿಹಾಕಿದ್ದುಂಟು. ಆ ಮಾತು ಅನ್ಯಾಯದ್ದು. ಅವನ ಮೈಯಲ್ಲಿ ಬಲವಿತ್ತು, ಎದೆಯಲ್ಲಿ ಧೈರ್ಯವಿತ್ತು. ಇರದಿದ್ದುದು ಅಭ್ಯಾಸಕ್ಕೊಂದು ಕೊಳ, ತಿದ್ದಲೊಬ್ಬ ಗುರು.

ಇವೆರಡೂ ಒಟ್ಟಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ಅದೂ ಕಾಲೇಜುಗಳಿಂದಲ್ಲ, ಕ್ಲಬ್ಬುಗಳಿಂದ. ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳ, ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್. ನಿಹಾರ್ ಅಮೀನ್, ಎಸ್. ಪ್ರದೀಪ್ ಕುಮಾರ್‌ರಂಥ ತರಬೇತುದಾರರು. ಇವರಿಬ್ಬರಿಗೂ 2015 ಮತ್ತು 2016ರಲ್ಲಿ ಒಬ್ಬರಾದ ಮೇಲೊಬ್ಬರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಐದನೆಯ ವಯಸ್ಸಿನಲ್ಲಿ ನೀರಲ್ಲಿ ಮುಳುಗಿ ಬದುಕುಳಿದ ನಿಶಾ ಮಿಲೆಟ್, 1999ರ ಮಣಿಪುರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್‌ಗೆ ಇಳಿದರು. 2012ರ ಲಂಡನ್ ಒಲಿಂಪಿಕ್ಸ್‌ನ 1500 ಮೀಟರ್‌ಗೆ ಹೋದ ಗಗನ್ ಉಳ್ಳಾಲಮಠ ಬಸವನಗುಡಿಯ ಕೊಳದಲ್ಲಿ ಬೆಳೆದವರು.

ಹಾಗಾದರೆ ಕಾಲೇಜಿನ ಪಾಲೇನು? ಈಜುಗಾರರ ದಿನ ಹೇಗಿರುತ್ತದೆಂದು ನೋಡಿದರೆ ತಿಳಿಯುತ್ತದೆ. ಬೆಳಕು ಹರಿಯುವ ಮೊದಲೇ ಒಂದು ಅಭ್ಯಾಸ, ಸಂಜೆ ಇನ್ನೊಂದು, ನಡುವೆ ಹಸಿವು, ನಿದ್ದೆ. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕೆನ್ನುವ ನಿಯಮ ಅವರ ಪಾಲಿಗೆ ಕೊಳದ ಗೋಡೆಗಿಂತ ಗಟ್ಟಿ. ಹದಿನೇಳು ಹದಿನೆಂಟನೆಯ ವಯಸ್ಸಿನಲ್ಲಿ, ಮೈ ಪೂರ್ತಿ ಪಳಗುವ ಹೊತ್ತಿಗೆ ಸರಿಯಾಗಿ, ಎಷ್ಟೋ ಒಳ್ಳೆಯ ಈಜುಗಾರರು ನೀರು ಬಿಟ್ಟಿದ್ದಾರೆ, ಹೆಣ್ಣುಮಕ್ಕಳಂತೂ ಇನ್ನೂ ಹೆಚ್ಚು. ಆ ವಯಸ್ಸಿನವರಿಗೆ ಸಮಯ ಕೊಟ್ಟ ಕಾಲೇಜುಗಳೇ ಕರ್ನಾಟಕದ ಈಜನ್ನು ಉಳಿಸಿದವು ಎಂದು ನಾನು ನಂಬಿದ್ದೇನೆ.

ಬೆಂಗಳೂರಿನ ಶ್ರೀ ಭಗವಾನ್ ಮಹಾವೀರ್ ಜೈನ್ ಕಾಲೇಜು, ಮುಂದೆ ಜೈನ್ ವಿಶ್ವವಿದ್ಯಾಲಯವಾಗಿ ಬೆಳೆದ ಸಂಸ್ಥೆ, ಈ ವಿಷಯದಲ್ಲಿ ಎದ್ದು ಕಾಣುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಈಜಿದ ಶಿಖಾ ಟಂಡನ್ ಅಲ್ಲಿ ಓದಿದವರು. ಆಮೇಲೆ ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅದೇ ಕಾಲೇಜಿನ ಶರತ್ ಗಾಯಕ್‌ವಾಡ್ ಎಡಗೈ ಪೂರ್ತಿ ಬೆಳೆಯದೆ ಹುಟ್ಟಿದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕ ಗೆದ್ದು, ಒಂದೇ ಕೂಟದಲ್ಲಿ ಐದು ಪದಕ ಗೆದ್ದಿದ್ದ ಪಿ.ಟಿ. ಉಷಾ ಅವರ ಸಾಧನೆಯನ್ನು ಮೀರಿದರು. ಕರ್ನಾಟಕದ ಈಜಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಾಧನೆ ಇದೇ. ಮನೆಮನೆಯಲ್ಲೂ ಗೊತ್ತಿರಬೇಕಾದ ಹೆಸರು ಇನ್ನೂ ಎಷ್ಟೋ ಕಡೆ ಗೊತ್ತಿಲ್ಲ.

ಶ್ರೀಹರಿ ನಟರಾಜ್ ಕೂಡ ಜೈನ್ ವಿದ್ಯಾರ್ಥಿ. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದರು. ಅರ್ಹತೆಗೆ ಬೇಕಿದ್ದುದು 53.85. ಮರುವರ್ಷ, 2022ರ ಏಪ್ರಿಲ್ 24ರಿಂದ ಮೇ 3ರವರೆಗೆ, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಜೈನ್ ಆತಿಥ್ಯದಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆತಿಥೇಯರೇ 20 ಚಿನ್ನದೊಂದಿಗೆ ಅಗ್ರಸ್ಥಾನಕ್ಕೇರಿದರು. ಅದರಲ್ಲಿ ಶಿವ ಶ್ರೀಧರ್ ಎಂಬ ಒಬ್ಬ ಈಜುಗಾರನದೇ ಏಳು ಚಿನ್ನ.

ಅಮೆರಿಕದಲ್ಲಿ ಈ ಕಥೆ ಬೇರೆ ಥರ ನಡೆಯಿತು. ಅಲ್ಲಿ ಕೊಳವೂ ಗುರುವೂ ವಿಶ್ವವಿದ್ಯಾಲಯದೊಳಗೇ ಇದ್ದರು. ಯೇಲ್‌ನಲ್ಲಿ ಬಾಬ್ ಕಿಫತ್ ಸುಮಾರು ನಾಲ್ಕು ದಶಕ ತರಬೇತುದಾರರಾಗಿದ್ದು ಎದುರಾಳಿ ತಂಡಗಳ ಮೇಲೆ 528 ಪಂದ್ಯ ಗೆದ್ದರು, ಸೋತದ್ದು 12. ಇಂಡಿಯಾನಾ ವಿಶ್ವವಿದ್ಯಾಲಯದ ಜೇಮ್ಸ್ ಕೌನ್ಸಿಲ್‌ಮನ್ ಈಜನ್ನೇ ಒಂದು ವಿಜ್ಞಾನವಾಗಿ ಅಭ್ಯಾಸ ಮಾಡಿ 1968ರಲ್ಲಿ ಪುಸ್ತಕ ಬರೆದರು, ಮಾರ್ಕ್ ಸ್ಪಿಟ್ಜ್‌ರಂಥ ಈಜುಗಾರರಿಗೆ ತರಬೇತಿ ಕೊಟ್ಟರು. ಒಬ್ಬ ಗುರು ಒಂದೇ ಕೊಳದ ದಂಡೆಯಲ್ಲಿ ಮೂವತ್ತು ನಲವತ್ತು ವರ್ಷ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಇವೇ ಸಾಕ್ಷಿ.

ಡೈವಿಂಗ್‌ನ ಅಧ್ಯಾಯ ನಮ್ಮಲ್ಲಿ ಇನ್ನೂ ತೆಳು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಕೆ.ಪಿ. ಠಕ್ಕರ್ ಸ್ಪ್ರಿಂಗ್‌ಬೋರ್ಡ್, ಪ್ಲಾಟ್‌ಫಾರಂ ಎರಡರಲ್ಲೂ ಭಾರತಕ್ಕೆ ಚಿನ್ನ ತಂದಿದ್ದರು. ಅಷ್ಟು ಒಳ್ಳೆಯ ಆರಂಭ ಮುಂದುವರಿಯಲಿಲ್ಲ. ಹತ್ತು ಮೀಟರ್ ಎತ್ತರದಿಂದ ಧುಮುಕಲು ಸುಮಾರು ಐದು ಮೀಟರ್ ಆಳದ ಪ್ರತ್ಯೇಕ ಕೊಳ ಬೇಕು. ಅದನ್ನು ಕಟ್ಟುವ ಕಾಲೇಜು ಯಾವುದು? ಸೇತುವೆ ಮೇಲಿಂದ, ಕಲ್ಯಾಣಿಯ ಕಟ್ಟೆ ಮೇಲಿಂದ ಹಾರುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನೀರಿನ ಆಳ ತಿಳಿಯದೆ ಹಾರಿ ಕತ್ತು ಮುರಿದುಕೊಂಡವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

2023ರಲ್ಲಿ ಹಾಸನಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂತು. ಅದಕ್ಕೊಂದು ಈಜುಕೊಳ ಬೇಕು, ನೀರಿಲ್ಲ ಎನ್ನುವಂತಿಲ್ಲ. ಗೊರೂರಿನ ಅಣೆಕಟ್ಟೆ 37 ಟಿಎಂಸಿ ನೀರು ಹಿಡಿಯುವ ಜಿಲ್ಲೆ ಇದು. 50 ಮೀಟರ್ ಉದ್ದ, 25 ಮೀಟರ್ ಅಗಲ, ಎರಡು ಮೀಟರ್ ಆಳದ ಪೂರ್ಣ ಪ್ರಮಾಣದ ಕೊಳಕ್ಕೆ ಬೇಕಾದದ್ದು 25 ಲಕ್ಷ ಲೀಟರ್. 25 ಮೀಟರ್‌ನ ಆರು ಪಥಗಳ, ಆಳ ಕಡಿಮೆಯ ಕೊಳಕ್ಕೆ ಆರು ಲಕ್ಷ ಲೀಟರೂ ಬೇಡ. ನೀರನ್ನು ಸೋಸಿ ಮತ್ತೆ ಮತ್ತೆ ಬಳಸುವುದರಿಂದ ದಿನವೂ ತುಂಬಿಸಬೇಕಾಗಿಲ್ಲ. ಮೊದಲು ಚಿಕ್ಕ ಕೊಳವೇ ಸಾಕು. ಕಟ್ಟಡಕ್ಕಿಂತ ಮುಂಚೆ ಒಂದು ಹುದ್ದೆ ಮಂಜೂರಾಗಲಿ: ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಪಡೆದ, ಹೊರಗುತ್ತಿಗೆಯಲ್ಲದ, ನಿವೃತ್ತಿಯವರೆಗೂ ಇಲ್ಲೇ ಇರುವ ಒಬ್ಬ ಈಜು ತರಬೇತುದಾರರ ಹುದ್ದೆ. ಅವರ ಮೊದಲ ವರ್ಷದ ಕೆಲಸ ಬೇಸಿಗೆ ರಜೆಯಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳನ್ನು ಸುತ್ತಿ, ಹೊಳೆಯಲ್ಲೂ ಕೆರೆಯಲ್ಲೂ ಈಜುತ್ತಿರುವ ಹುಡುಗ ಹುಡುಗಿಯರ ಹೆಸರು ಬರೆದುಕೊಳ್ಳುವುದು.