ಅಕ್ಷರದ ಅಳತೆ: 72 ಮತ್ತು 96ರ ನಡುವೆ

ಒಂದು ಗಣಕದಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಇನ್ನೊಂದರಲ್ಲಿ ತೆರೆದಾಗ ಎರಡು ಪುಟದ್ದು ಮೂರು ಪುಟವಾಗಿರುವುದನ್ನು ನೀವು ಕಂಡಿರಬಹುದು. ಆನ್ವಯಿಕ ತಂತ್ರಾಂಶಗಳಲ್ಲಿ ಇದರ ಪರಿಣಾಮ ಇನ್ನೂ ಕೆಟ್ಟದು. ಗುಂಡಿಯ ಮೇಲಿನ ಪದ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕಾರ್ಯಾಚರಣೆ ವ್ಯವಸ್ಥೆ ಬದಲಾದರೆ ಅಕ್ಷರ ಏಕೆ ಬದಲಾಗಬೇಕು?

ಉತ್ತರಕ್ಕೆ 1984ಕ್ಕೆ ಹೋಗಬೇಕು. ಅಕ್ಷರದ ಗಾತ್ರವನ್ನು ಮುದ್ರಕರು ಪಾಯಿಂಟ್‌ಗಳಲ್ಲಿ ಅಳೆಯುತ್ತಿದ್ದರು. ಒಂದು ಪಾಯಿಂಟ್ ಸುಮಾರು 1/72 ಅಂಗುಲ. ಆ ವರ್ಷ ಬಂದ ಆಪಲ್‌ನ ಮ್ಯಾಕಿಂಟಾಷ್ ಪರದೆಯಲ್ಲಿ ಅಂಗುಲಕ್ಕೆ 72 ಪಿಕ್ಸೆಲ್‌ಗಳಿದ್ದವು. ಒಂದು ಪಾಯಿಂಟ್ ಎಂದರೆ ಒಂದು ಪಿಕ್ಸೆಲ್. ಪರದೆಯಲ್ಲಿ ಕಂಡಷ್ಟೇ ಗಾತ್ರ ಕಾಗದದಲ್ಲೂ. ಲೆಕ್ಕ ಬಹಳ ಚೊಕ್ಕ.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. ಪುಸ್ತಕವನ್ನು ಹಿಡಿಯುವುದಕ್ಕಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ದೂರದಿಂದ ನಾವು ಪರದೆಯನ್ನು ನೋಡುತ್ತೇವೆ. ಕಣ್ಣಿನಲ್ಲಿ ಅದೇ ಕೋನ ಉಂಟಾಗಬೇಕಾದರೆ ಅಕ್ಷರವೂ ಅಷ್ಟೇ ದೊಡ್ಡದಾಗಬೇಕು. 72ನ್ನು 4/3ರಿಂದ ಗುಣಿಸಿದರೆ 96. ಹೀಗೆ 12 ಪಾಯಿಂಟಿನ ಅಕ್ಷರಕ್ಕೆ ಮ್ಯಾಕ್‌ನಲ್ಲಿ 12 ಪಿಕ್ಸೆಲ್, ವಿಂಡೋಸ್‌ನಲ್ಲಿ 16 ಪಿಕ್ಸೆಲ್ ಎಂದಾಯಿತು. ಭೌತವಿಜ್ಞಾನದ ದೃಷ್ಟಿಯಿಂದ ನನಗೆ ಎರಡನೆಯ ವಾದವೇ ಸರಿ ಎನಿಸುತ್ತದೆ. ಜಾಲಪುಟಗಳ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್ ನಿಯಮಾವಳಿ ಕೂಡ ಪಿಕ್ಸೆಲನ್ನು ಕೋನವಾಗಿಯೇ ವ್ಯಾಖ್ಯಾನಿಸುತ್ತದೆ: 28 ಅಂಗುಲ ದೂರದಿಂದ 1/96 ಅಂಗುಲವನ್ನು ನೋಡಿದಾಗ ಉಂಟಾಗುವ, ಸುಮಾರು 0.0213 ಡಿಗ್ರಿ. ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿ ನೋಡಿ.

ಗಾತ್ರದ ನಂತರ ಅಗಲ. ಒಂದು ವ್ಯವಸ್ಥೆಯಲ್ಲಿರುವ ಫಾಂಟ್ ಇನ್ನೊಂದರಲ್ಲಿ ಇರುವುದಿಲ್ಲ. ಮ್ಯಾಕ್‌ನಲ್ಲಿ ಹೆಲ್ವೆಟಿಕಾ ಇದ್ದರೆ, 1992ರ ವಿಂಡೋಸ್ 3.1ರೊಂದಿಗೆ ಏರಿಯಲ್ ಬಂತು. ಎರಡರ ರೂಪ ಬೇರೆಯಾದರೂ ಅಕ್ಷರಗಳ ಅಗಲ ಒಂದೇ. ಆದ್ದರಿಂದ ಸಾಲು ಒಡೆಯುವ ಜಾಗ ಬದಲಾಗುವುದಿಲ್ಲ. ಲಿನಕ್ಸ್ ಬಳಕೆದಾರರಿಗಾಗಿ ರೆಡ್ ಹ್ಯಾಟ್ 2007ರಲ್ಲಿ ಬಿಡುಗಡೆ ಮಾಡಿದ ಲಿಬರೇಷನ್ ಫಾಂಟುಗಳದ್ದೂ ಇದೇ ಉಪಾಯ.

ನಮ್ಮನ್ನು ನಿಜವಾಗಿ ಕಾಡುವುದು ಎತ್ತರ. ಆಪಲ್ 1991ರಲ್ಲಿ ಹೊರತಂದ ಟ್ರೂಟೈಪ್ ಕಡತದಲ್ಲಿ, ಅಕ್ಷರ ತಳರೇಖೆಯಿಂದ ಎಷ್ಟು ಮೇಲೇರುತ್ತದೆ, ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಹೇಳುವ ಕೋಷ್ಟಕವಿದೆ. ಮೈಕ್ರೋಸಾಫ್ಟ್‌ನ ಅಗತ್ಯಕ್ಕೆಂದು ಇಂಥದೇ ಅಳತೆಗಳಿರುವ ಇನ್ನೊಂದು ಕೋಷ್ಟಕ ಸೇರಿತು. ಅದರ ಹೆಸರು ಓಎಸ್/2. ಆ ಹೆಸರಿನ ಕಾರ್ಯಾಚರಣೆ ವ್ಯವಸ್ಥೆಗೆ ಐಬಿಎಂ ನೀಡುತ್ತಿದ್ದ ಬೆಂಬಲ 2006ರಲ್ಲಿ ನಿಂತಿತು. ಹೆಸರು ಮಾತ್ರ ಫಾಂಟುಗಳೊಳಗೆ ಉಳಿದುಕೊಂಡಿದೆ! ಮ್ಯಾಕ್ ಸಾಮಾನ್ಯವಾಗಿ ಮೊದಲ ಕೋಷ್ಟಕವನ್ನೂ ವಿಂಡೋಸ್ ಎರಡನೆಯದನ್ನೂ ಓದುತ್ತವೆ. ಎರಡರಲ್ಲಿರುವ ಅಂಕಿಗಳು ಬೇರೆಯಾದರೆ ಒಂದೇ ಫಾಂಟಿನ ಸಾಲಿನ ಎತ್ತರವೂ ಬೇರೆಯಾಗುತ್ತದೆ.

ಇಂಗ್ಲಿಷಿಗೆ ಒಂದೆರಡು ಪಿಕ್ಸೆಲ್ ಹೆಚ್ಚುಕಡಿಮೆಯಾದರೆ ನಷ್ಟವಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ. ಅದು ಕತ್ತರಿಸಿಹೋದರೆ 'ಕತ್ತೆ' 'ಕತೆ'ಯಾಗುತ್ತದೆ, 'ಹಳ್ಳಿ' 'ಹಳಿ'ಯಾಗುತ್ತದೆ. ಹಿಂದೊಮ್ಮೆ ನನ್ನ ವಿದ್ಯಾರ್ಥಿಯೊಬ್ಬ ಲೋಲಕದ ಪ್ರಯೋಗಕ್ಕೆಂದು ಕನ್ನಡದಲ್ಲೇ ತಂತ್ರಾಂಶ ಬರೆದಿದ್ದ. ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನಲ್ಲಿ ಎಲ್ಲವೂ ಸರಿಯಾಗಿತ್ತು. ಪ್ರದರ್ಶನದ ದಿನ ಲಿನಕ್ಸ್ ಗಣಕದಲ್ಲಿ, ಇನ್ನಷ್ಟು ಕೆಳಗಿಳಿಯುವ ಬೇರೆ ಫಾಂಟಿನಲ್ಲಿ, ಗುಂಡಿಯ ಮೇಲೆ 'ದತ್ತಾಂಶ' ಎಂಬುದು 'ದತಾಂಶ' ಎಂದು ಕಂಡಿತು. ಕಾಗುಣಿತ ಬಾರದೆಂದು ಪರೀಕ್ಷಕರು ಅಂಕ ಕಳೆದರು. ನಾನೂ ಅವನನ್ನೇ ಗದರಿದೆ. ಗುಂಡಿಯ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ನಿಗದಿ ಮಾಡಿದ್ದೇ ತಪ್ಪೆಂದು ತಿಳಿಯುವ ಹೊತ್ತಿಗೆ ಅಂಕಪಟ್ಟಿ ಬಂದಾಗಿತ್ತು.

ಪರಿಹಾರ ಆಗಲೇ ಇತ್ತು. 1995ರಲ್ಲಿ ಸಾರ್ವಜನಿಕವಾದ ಜಾವಾ ಭಾಷೆಯಲ್ಲಿ ಗುಂಡಿಯ ಅಳತೆಯನ್ನು ಬರೆಯಲೇಬೇಕೆಂದಿಲ್ಲ. 'ಇದರ ಪಕ್ಕ ಅದು' ಎಂದರೆ ಸಾಕು. ತಂತ್ರಾಂಶ ಚಾಲನೆಯಾದಾಗ ಅಲ್ಲಿರುವ ಫಾಂಟನ್ನೇ ಕೇಳಿ ಜಾಗ ಹಂಚಲಾಗುತ್ತದೆ. ಇನ್ನೊಂದು ಮಾರ್ಗ, ನೋಟೋದಂಥ ಮುಕ್ತ ಫಾಂಟನ್ನು ತಂತ್ರಾಂಶದ ಜೊತೆಗೇ ಕಳಿಸುವುದು. ಆಗಲೂ ಚಿತ್ರಣ ಒಂದೇ ಆಗದು. ವಿಂಡೋಸ್‌ನ ಕ್ಲಿಯರ್‌ಟೈಪ್ ಅಕ್ಷರದ ಗೆರೆಗಳನ್ನು ಪಿಕ್ಸೆಲ್ ಜಾಲಕ್ಕೆ ಒಗ್ಗಿಸುತ್ತದೆ. ಮ್ಯಾಕ್ ಮೂಲರೂಪಕ್ಕೆ ನಿಷ್ಠವಾಗಿ ತುಸು ದಪ್ಪಗೆ ತೋರಿಸುತ್ತದೆ. ಅಂಗುಲಕ್ಕೆ 300ಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುವ ಮೊಬೈಲ್ ಪರದೆಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ.

ನೀವೇ ಪರೀಕ್ಷಿಸಬೇಕೆಂದರೆ 'ಅಆಇಈ' ಎಂದು ಬರೆದು ತೃಪ್ತರಾಗಬೇಡಿ. 'ವೈಶಿಷ್ಟ್ಯ', 'ಶಾಸ್ತ್ರ', 'ಲಕ್ಷ್ಮಿ' ಎಂದು ಗುಂಡಿಗಳ ಮೇಲೆ ಬರೆದು, ಎರಡು ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ತೆರೆದು, ಒತ್ತುಗಳ ಕೆಳಗೆ ಎಷ್ಟು ಜಾಗ ಉಳಿದಿದೆ ಎಂದು ನೋಡಿ.