ಬಿಸಿಲಿಗೂ ಬಲ್ಬಿಗೂ ನಡುವಿನ ಪೆಟ್ಟಿಗೆ

ತುರ್ವಿಹಾಳದ ಕಡೆ ಬಿಸಿಲಿಗೆ ಬರವಿಲ್ಲವೆಂದು ರಾಯಚೂರು ಜಿಲ್ಲೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಾಳಿಗೆಯ ಮೇಲಿನ ಸೌರ ಫಲಕವನ್ನೂ ಮೂಲೆಯಲ್ಲಿ ಕುಳಿತ ಬ್ಯಾಟರಿಯನ್ನೂ ಎಲ್ಲರೂ ಗುರುತಿಸುತ್ತಾರೆ. ಇವೆರಡರ ನಡುವೆ ಗೋಡೆಗೆ ತೂಗುಹಾಕಿದ, ಸಣ್ಣಗೆ ಗುಂಯ್‌ಗುಡುವ ಪೆಟ್ಟಿಗೆಯ ನೆನಪಾಗುವುದು ದೀಪ ಆರಿದಾಗಲೇ. ಆ ಪೆಟ್ಟಿಗೆಗೂ ಒಂದು ಇತಿಹಾಸವುಂಟು. ಅದರ ಒಂದು ಎಳೆ ಬೆಂಗಳೂರಿನ ಜಾಲಹಳ್ಳಿಯಿಂದ ಹೊರಡುತ್ತದೆ.

ಅದರ ಕೆಲಸವೇನೆಂದು ಮೊದಲು ನೋಡೋಣ. ಫಲಕ ಕೊಡುವುದು ಏಕಮುಖ ವಿದ್ಯುತ್ತು. ಅದೂ ಬಿಸಿಲಿನೊಡನೆ ಏರಿಳಿಯುವಂಥದು. 12 ವೋಲ್ಟಿನ ಸೀಸದ ಬ್ಯಾಟರಿ 14.4 ವೋಲ್ಟಿನ ಆಸುಪಾಸಿಗೆ ಬಂದಾಗ ತುಂಬುವುದನ್ನು ಹಿಡಿಯಬೇಕು. 11ರ ಸಮೀಪಕ್ಕೆ ಇಳಿದಾಗ ಹೊರೆಯನ್ನು ಕಡಿಯಬೇಕು. ತಪ್ಪಿದರೆ ಐದಾರು ವರ್ಷ ಬಾಳುವ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟೀತು. ಇತ್ತ ಫ್ಯಾನಿಗೆ, ಟಿ.ವಿ.ಗೆ ಬೇಕಾದದ್ದು ಸೆಕೆಂಡಿಗೆ 50 ಆವರ್ತನದ, 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಈ ಪರಿವರ್ತನೆಗೆಲ್ಲ ಬೇಕಾದುದು ಒಂದೇ: ಕ್ಷಣಕ್ಕೆ ಸಾವಿರಾರು ಬಾರಿ ತೆರೆದು ಮುಚ್ಚುವ, ಸವೆಯದ ಸ್ವಿಚ್ಚು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ 1902ರಲ್ಲೇ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಪರಿವರ್ತಕವನ್ನು ರೂಪಿಸಿದ. ದಶಕಗಳ ಕಾಲ ಅಂಥ ಗಾಜಿನ ಬುರುಡೆಗಳು, ಇಲ್ಲವೇ ತಿರುಗುವ ಯಂತ್ರಗಳೇ ಗತಿ. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಥೈರಿಸ್ಟರ್ ಬಂತು. ಅದನ್ನು ಹೊತ್ತಿಸುವುದು ಸುಲಭ, ಆರಿಸುವುದು ಕಷ್ಟ. ಬ್ಯಾಟರಿಯ ಏಕಮುಖ ವಿದ್ಯುತ್ತಿನಲ್ಲಂತೂ ಆರಿಸಲು ಬೇರೆಯೇ ಮಂಡಲ ಕಟ್ಟಬೇಕಿತ್ತು. 1970ರ ದಶಕದ ಮಾಸ್‌ಫೆಟ್ ಹೇಳಿದಂತೆ ಕೇಳುತ್ತಿತ್ತಾದರೂ ಹೆಚ್ಚಿನ ವೋಲ್ಟೇಜಿನಲ್ಲಿ ಬಿಸಿಯಾಗಿ ಶಕ್ತಿಯನ್ನು ತಿಂದುಹಾಕುತ್ತಿತ್ತು.

ಇವೆರಡರ ಗುಣವನ್ನು ಒಂದೇ ಸಿಲಿಕಾನ್ ತುಣುಕಿನಲ್ಲಿ ಕೂಡಿಸಿದವರಲ್ಲಿ ಮುಖ್ಯರು ಬಂಟ್ವಾಳ ಜಯಂತ್ ಬಾಳಿಗಾ. 1948ರಲ್ಲಿ ಹುಟ್ಟಿ, ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದರಾಸಿನ ಐ.ಐ.ಟಿ.ಯಿಂದ ಪದವಿ ಪಡೆದವರು. ಐ.ಜಿ.ಬಿ.ಟಿ. ಎಂದು ಹೆಸರಾದ ಈ ಸಾಧನದೊಳಗೆ ಒಂದು ಥೈರಿಸ್ಟರ್ ಅಡಗಿ ಮಲಗಿರುತ್ತದೆ. ಅದು ಎಚ್ಚೆತ್ತರೆ ಸ್ವಿಚ್ಚು ಹತೋಟಿ ತಪ್ಪಿ ಸುಟ್ಟುಹೋಗುವುದು. ಅದನ್ನು ಮಲಗಿಸಿಯೇ ಇಡುವ ವಿನ್ಯಾಸ ಸಿದ್ಧಿಸಿದ್ದೇ ದೊಡ್ಡ ಗೆಲುವು. ಎಲೆಕ್ಟ್ರಾನುಗಳ ಕಿರಣ ಹಾಯಿಸಿ ಅದರ ವೇಗವನ್ನೂ ಹೆಚ್ಚಿಸಿದರು. 1982ರಲ್ಲಿ ಪ್ರಬಂಧ ಹೊರಬಂತು. ಜಪಾನಿನಲ್ಲೂ ಅಮೆರಿಕದ ಬೇರೆ ಕಂಪನಿಯಲ್ಲೂ ಇದೇ ಜಾಡಿನ ಯೋಚನೆಗಳಿದ್ದವು ಎಂಬುದನ್ನು ಮರೆಯಬಾರದು; ಕಲ್ಪನೆಯನ್ನು ಕಾರ್ಖಾನೆಯವರೆಗೆ ಒಯ್ದ ಶ್ರೇಯಸ್ಸು ಮಾತ್ರ ಬಾಳಿಗಾ ಅವರದು. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು.

1995ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆ ಹಳ್ಳಿಯ ಮನೆಗಳಿಗೆ ಕೊಂಡೊಯ್ದದ್ದು ಫಲಕ, ಬ್ಯಾಟರಿ, ನಾಲ್ಕಾರು ದೀಪಗಳ ಪುಟ್ಟ ವ್ಯವಸ್ಥೆಗಳನ್ನು. ಅಲ್ಲಿಂದ ಪಾವಗಡದ 2,000 ಮೆಗಾವಾಟಿನ ಸೌರ ಪಾರ್ಕಿನವರೆಗೆ ಪರಿವರ್ತಕವಿಲ್ಲದೆ ಏನೂ ನಡೆಯದು. ಆದರೆ ಎಲ್ಲ ಪೆಟ್ಟಿಗೆಯ ಒಡಲೂ ಒಂದೇ ಅಲ್ಲ. ಮನೆಯ 12 ವೋಲ್ಟಿನ ಇನ್ವರ್ಟರಿನಲ್ಲಿ ಈಗಲೂ ದುಡಿಯುವುದು ಮಾಸ್‌ಫೆಟ್. ಹೊಲದ ಸೌರ ಪಂಪಿನಲ್ಲಿ ನೂರಾರು ವೋಲ್ಟುಗಳನ್ನು ಹೊರುವುದು ಹೆಚ್ಚಾಗಿ ಐ.ಜಿ.ಬಿ.ಟಿ. ಎರಡಕ್ಕೂ ಕಾವೇ ಶತ್ರು. ಪೆಟ್ಟಿಗೆಯ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳಿರುವುದು ಗಾಳಿಯಾಡಲೆಂದೇ. ಅವುಗಳ ಮೇಲೆ ಬಟ್ಟೆ ಒಣಹಾಕುವ ಮನೆಗಳನ್ನು ನೀವೂ ನೋಡಿರಬಹುದು.